ಅಳಿಯನ ಹತ್ತು ಜಿ

ಮಂಗಳೂರಿನಲ್ಲಿ ಕೆಟ್ಟುಹೋದದ್ದನ್ನು ಸರಿಮಾಡಿ ಕೊಡುವವರಿಗೆ ಬರಗಾಲವಿಲ್ಲ. ಹಂಪನಕಟ್ಟೆಯಿಂದ ಹೊರಟು ಕಂಕನಾಡಿ ಮುಟ್ಟುವಷ್ಟರಲ್ಲಿ ಮೊಬೈಲಿನ ಒಡೆದ ಗಾಜು, ಸುಟ್ಟ ಮಿಕ್ಸಿ, ಕಡ್ಡಿ ಮುರಿದ ಕೊಡೆ, ಕಿತ್ತ ಚಪ್ಪಲಿ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸಿಕೊಂಡು ಬರಬಹುದು. ಕೆಟ್ಟ ವಸ್ತುವಿಗೆ ಒಂದು ಸೌಜನ್ಯವಿದೆ, ಕೆಟ್ಟಿದ್ದೇನೆಂದು ತಾನೇ ಹೇಳುತ್ತದೆ. ಹೊಗೆ ಬಿಡುತ್ತದೆ, ನಾರುತ್ತದೆ, ಸದ್ದು ಮಾಡುತ್ತದೆ, ಇಲ್ಲವೇ ಮಾಡಬೇಕಾದ ಸದ್ದನ್ನು ನಿಲ್ಲಿಸುತ್ತದೆ. ನಿಧಾನವಾದ ವಸ್ತುವಿಗೆ ಆ ಸೌಜನ್ಯವಿಲ್ಲ. ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ ಎಂದು ಹೊತ್ತುಕೊಂಡು ಹೋದರೆ ಅಂಗಡಿಯವನು ಪ್ಲಗ್ ಚುಚ್ಚಿ ನೋಡಿ, "ತಿರುಗ್ತಾ ಉಂಟಲ್ಲ ಮಾರಾಯ್ರೆ" ಎಂದು ವಾಪಸು ಕೊಡುತ್ತಾನೆ. ಅವನದೇನೂ ತಪ್ಪಿಲ್ಲ. ತಿರುಗುತ್ತಿರುವುದನ್ನು ಅವನು ಹೇಗೆ ರಿಪೇರಿ ಮಾಡಿಯಾನು?

ಕೆಲಸದಲ್ಲಿದ್ದಷ್ಟು ಕಾಲ ನಾನು ಕಾಲೇಜಿನ ಕಂಪ್ಯೂಟರ್ ಲ್ಯಾಬು ನೋಡಿಕೊಂಡವನು. ನಿವೃತ್ತಿಯ ಮೇಲೆ ನನ್ನ ಬಳಿ ಬರುವ ದೂರುಗಳೆಲ್ಲ ಈ ಎರಡನೆಯ ಬಗೆಯವು. "ಕೆಲಸ ಮಾಡ್ತದೆ, ಆದ್ರೆ ಸ್ಲೋ." ಕೆಟ್ಟರೆ ಜನ ದುಡ್ಡು ಕೊಟ್ಟು ರಿಪೇರಿ ಮಾಡಿಸುತ್ತಾರೆ. ನಿಧಾನವಾದರೆ ಮಾತ್ರ ಸಂಬಂಧಿಕರಲ್ಲಿ ತಿಳಿದವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಾರೆ. ಹಾಗೆ ಹುಡುಕಿ ನನ್ನ ಬಾಗಿಲಿಗೆ ಬಂದವರಲ್ಲಿ ಮೊದಲಿಗ ನನ್ನ ಅಕ್ಕನ ಮಗ.

ತುಳುನಾಡಿನಲ್ಲಿ ಅಳಿಯನ ಸ್ಥಾನ ಸಣ್ಣದಲ್ಲ. ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಮೂಲಕ ಇಳಿಯುತ್ತಿತ್ತು, ಮಾವನ ನಂತರ ಮನೆತನದ ಅಧಿಕಾರ ಸೋದರಳಿಯನಿಗೆ ಸಲ್ಲುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆ ಕಟ್ಟು ಸಡಿಲವಾಯಿತು. ನಮ್ಮ ಮನೆಯಲ್ಲಿ ಹಳೆಯ ಕಂಪ್ಯೂಟರುಗಳ ಮಟ್ಟಿಗೆ ಅದು ಇಂದಿಗೂ ಜಾರಿಯಲ್ಲಿದೆ. ನನ್ನಲ್ಲಿದ್ದ ಸ್ಕ್ರೂಡ್ರೈವರುಗಳು, ತಂತಿ ಕತ್ತರಿಸುವ ಇಕ್ಕುಳ, ಒಂದು ರಟ್ಟಿನ ಪೆಟ್ಟಿಗೆಯ ತುಂಬ ಕೇಬಲ್ಲುಗಳು ಎಲ್ಲವೂ ಯಾವ ತಕರಾರೂ ಇಲ್ಲದೆ ಅವನಿಗೆ ಸಂದಿವೆ. ಜೊತೆಗೆ ಲಿನಕ್ಸ್ ಕೂಡ. ಅದು ಅವನಿಗೆ ಪಿತ್ರಾರ್ಜಿತವಲ್ಲ, ಮಾವನಾರ್ಜಿತ.

ಅವನದು ಬಿಜೈಯಲ್ಲಿ ವಿಡಿಯೋ ಸ್ಟುಡಿಯೋ. ಕೆಳಗೆ ಹೋಟೆಲು, ಮೇಲೆ ಇವನು. ಸಂಜೆ ನಾಲ್ಕರ ನಂತರ ಎಡಿಟಿಂಗ್ ಕೋಣೆಯ ತುಂಬ ಗೋಳಿಬಜೆಯ ಪರಿಮಳ. ದೀಪಾವಳಿ ಕಳೆದ ಮೇಲೆ ಪತ್ತನಾಜೆಯ ತನಕ ಅವನಿಗೆ ಸರಿಯಾಗಿ ನಿದ್ದೆಯಿಲ್ಲ. ಮದುವೆ, ಮೆಹಂದಿ, ಗೃಹಪ್ರವೇಶ, ನೇಮ, ಕಂಬಳ, ಯಕ್ಷಗಾನ, ನಡುವೆ ಯಾರದೋ ತುಳು ಸಿನಿಮಾದ ಒಂದು ಹಾಡು. ಒಂದು 4ಕೆ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆಯುತ್ತ ಹೋದರೆ ಗಂಟೆಗೆ 45 ಜಿಬಿ. ಈಗ ಮೇಳಗಳಿಗೆ ಕಾಲಮಿತಿ ಬಂದಿದ್ದರೂ ರಾತ್ರಿಯಿಡೀ ಆಟ ಆಡಿಸುವವರು ಇನ್ನೂ ಇದ್ದಾರೆ. ಎಂಟು ಗಂಟೆ, ಮೂರು ಕ್ಯಾಮೆರಾ ಎಂದರೆ 1,080 ಜಿಬಿ. ಅಷ್ಟನ್ನು ಎಡಿಟಿಂಗ್ ಕೋಣೆಯಿಂದ ಪಕ್ಕದ ಏಸಿ ಕೋಣೆಯಲ್ಲಿರುವ ಸರ್ವರಿಗೆ ಸಾಮಾನ್ಯ ಒಂದು ಜಿ, ಅಂದರೆ ಸೆಕೆಂಡಿಗೆ ಒಂದು ಗಿಗಾಬಿಟ್ಟಿನ, ಕೇಬಲ್ಲಿನಲ್ಲಿ ದಾಟಿಸಲು, ಎಲ್ಲವೂ ಸರಿಯಿದ್ದರೂ, ಎರಡೂವರೆ ಗಂಟೆ ಬೇಕು. ಹತ್ತು ಜಿ ಆದರೆ ಕಾಲು ಗಂಟೆ. ಲೆಕ್ಕ ನೋಡಿ ಅಳಿಯನ ಕಣ್ಣು ಅರಳಿತು.

ಹತ್ತು ಜಿಯ ನೆಟ್‌ವರ್ಕ್ ಕಾರ್ಡುಗಳು ಬಂದದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ, ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು. ಇಂಟೆಲ್ ಎಕ್ಸ್520, ಎರಡು. ಯಾವುದೋ ಡೇಟಾ ಸೆಂಟರಿನ ಸರ್ವರುಗಳಲ್ಲಿ ದುಡಿದು, ಸರ್ವರುಗಳು ಗುಜರಿಗೆ ಹೋದ ಮೇಲೂ ಉಳಿದುಕೊಂಡಂಥವು. ಜೊತೆಗೆ ಸಮುದ್ರದ ಹಸಿರು-ನೀಲಿ ಬಣ್ಣದ ಫೈಬರ್ ಹುರಿ. ತಾಮ್ರ ಬೇಡ, ಫೈಬರೇ ಇರಲಿ ಎಂದು ನಾನು ಹಟ ಹಿಡಿದದ್ದು ಸಿಡಿಲಿನ ಕಾರಣಕ್ಕೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಅಕ್ಟೋಬರಿನಲ್ಲಿ ಇನ್ನೊಮ್ಮೆ, ಮೋಡ ಗುಡುಗಿದ್ದೇ ತಡ ನಮ್ಮ ಜಿಲ್ಲೆಯ ಮನೆಮನೆಯಲ್ಲೂ ಟಿವಿ, ಫ್ರಿಜ್ಜು, ಮೋಡೆಮ್ಮುಗಳ ಪ್ಲಗ್ಗು ಗೋಡೆಯಿಂದ ಹೊರಗೆ ಬರುತ್ತದೆ. ತಾಮ್ರದ ತಂತಿ ಹಿಡಿದು ಬಂದ ಏಟು ಸ್ವಿಚ್ಚಿನಿಂದ ಕಂಪ್ಯೂಟರಿಗೂ ದಾಟುತ್ತದೆ. ಗಾಜಿನ ಎಳೆಯಲ್ಲಿ ದಾಟುವುದು ಬೆಳಕೊಂದೇ. ಆ ಬೆಳಕು ಬರುತ್ತಿದೆಯೋ ಎಂದು ಅಳಿಯ ಹುರಿಯ ತುದಿಗೆ ಕಣ್ಣಿಡಲು ಹೊರಟ. ಕೈ ಹಿಡಿದು ನಿಲ್ಲಿಸಿದೆ. ಅದು ಲೇಸರು, ಕಣ್ಣಿಗೆ ಕಾಣುವುದಿಲ್ಲ, ಕಾಣದಿದ್ದರೂ ಕಣ್ಣಿಗೆ ಒಳ್ಳೆಯದಲ್ಲ. ಮೊಬೈಲಿನ ಕ್ಯಾಮೆರಾ ಹಿಡಿದರೆ ಪರದೆಯ ಮೇಲೆ ಸೂಜಿಮೊನೆಯಷ್ಟು ನೇರಳೆ ಚುಕ್ಕೆ ಕಾಣಿಸಿತು. ಅವನು ಅದರದ್ದೂ ಒಂದು ಫೋಟೋ ತೆಗೆದಿಟ್ಟುಕೊಂಡ.

ಜೋಡಿಸಿದ್ದಾಯಿತು, ಹಸಿರು ದೀಪ ಹೊತ್ತಿತು. ಕಾಪಿ ಮಾತ್ರ ಹಿಂದಿಗಿಂತ ಸ್ವಲ್ಪ ಬೇಗ, ಅಷ್ಟೇ.

ಇಲ್ಲಿಂದ ಮುಂದಿನದು ಸಿದ್ಧಾಂತಗಳ ಕಾಲ. ಏಸಿ ಸರ್ವಿಸಿಗೆ ಬಂದವನು "ಉಪ್ಪುಗಾಳಿ ಸರ್" ಎಂದ. ಎಲೆಕ್ಟ್ರಿಶಿಯನ್ "ಅರ್ಥಿಂಗ್ ಸರಿ ಇಲ್ಲ" ಎಂದ. ಅವನ ಪ್ರಕಾರ ಮಂಗಳೂರಿನಲ್ಲಿ ಯಾವುದರ ಅರ್ಥಿಂಗೂ ಸರಿಯಿಲ್ಲ. ಲೆಕ್ಕಪತ್ರ ನೋಡುವ ಮಹನೀಯರು, "ಲಿನಕ್ಸ್ ಫ್ರೀ ಅಲ್ವಾ? ಫ್ರೀ ಸಿಕ್ಕಿದ್ರಲ್ಲಿ ಸ್ಪೀಡ್ ಎಲ್ಲಿಂದ ಬರ್ಬೇಕು?" ಎಂದು ಕೇಳಿದರು. ಅಕ್ಕ ಫೋನಿನಲ್ಲಿ, ಆ ಕೋಣೆಯ ಬಾಗಿಲು ದಕ್ಷಿಣಕ್ಕಿರುವುದನ್ನು ತಾನು ಮೊದಲೇ ಹೇಳಿದ್ದೆನೆಂದು ನೆನಪಿಸಿದಳು.

ಇವರಲ್ಲಿ ಉಪ್ಪುಗಾಳಿಯವನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಈ ಊರಿನಲ್ಲಿ ಕಿಟಕಿಯ ಸರಳು ಪದರ ಪದರವಾಗಿ ಏಳುತ್ತದೆ, ಏಸಿಯ ತಾಮ್ರದ ಕೊಳವೆ ಹಸಿರಾಗುತ್ತದೆ. ನೆಟ್‌ವರ್ಕ್ ಕೇಬಲ್ಲಿನ ತುದಿಯ ಹಲ್ಲುಗಳಿಗೆ ಬಳಿದಿರುವ ಚಿನ್ನ ತೆಳು, ಅದು ಸವೆದ ಮೇಲೆ ಕೆಳಗಿನ ಲೋಹಕ್ಕೆ ಕಿಲುಬು ಹಿಡಿಯುವುದು ನಾನೇ ಕಂಡದ್ದು. ಒಂದು ಜಿ ವೇಗಕ್ಕೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, ನೂರು ಮೆಗಾಬಿಟ್ಟಿಗೆ ಎರಡು ಜೋಡಿ ಸಾಕು. ಒಂದು ಹಲ್ಲು ಕಿಲುಬಿತೆಂದರೆ ಎರಡೂ ಕಡೆಯ ಕಾರ್ಡುಗಳು ತಮ್ಮೊಳಗೇ ಮಾತಾಡಿಕೊಂಡು ಸದ್ದಿಲ್ಲದೆ ನೂರಕ್ಕೆ ಇಳಿಯುತ್ತವೆ. ಯಾರಿಗೂ ಹೇಳುವುದಿಲ್ಲ. ದೀಪವೂ ಉರಿಯುತ್ತದೆ, ಇಂಟರ್ನೆಟ್ಟೂ ಬರುತ್ತದೆ. ಅಂಥ ಒಂದು ಕೇಬಲ್ಲಿನ ಜೊತೆ ಒಂದು ಇಡೀ ಲ್ಯಾಬು ವರ್ಷಗಟ್ಟಲೆ ಸಂಸಾರ ಮಾಡಿದ್ದನ್ನು ಬಲ್ಲೆ. ಆದರೆ ಕಿಲುಬು, ಧೂಳು, ಬಿರುಕು ಇವೆಲ್ಲ ಗುರುತು ಬಿಟ್ಟುಹೋಗುತ್ತವೆ. ಕೆಟ್ಟು ಬಂದ ಪ್ಯಾಕೆಟ್ಟುಗಳನ್ನು ಕಾರ್ಡು ಒಂದೊಂದಾಗಿ ಎಣಿಸಿ ಇಟ್ಟಿರುತ್ತದೆ. ಈಥ್‌ಟೂಲ್ ಎಂಬ ಕಮಾಂಡು ಕೇಳಿದರೆ ಆ ಲೆಕ್ಕ ಒಪ್ಪಿಸುತ್ತದೆ. ನಮ್ಮದರಲ್ಲಿ ವೇಗದ ಕಡೆ ಹತ್ತು ಜಿ, ದೋಷದ ಕಾಲಮ್ಮಿನಲ್ಲಿ ಎಲ್ಲ ಕಡೆ ಸೊನ್ನೆ. ಉಪ್ಪುಗಾಳಿ ಬಿಡುಗಡೆಯಾಯಿತು.

ನಾನು ಅಳಿಯನನ್ನು ಕೇಳಿದ ಮೊದಲ ಪ್ರಶ್ನೆ, "ಎಷ್ಟು?"

"ಎಂತ ಎಷ್ಟು?"

"ಸ್ಲೋ ಅಂದ್ಯಲ್ಲ, ಎಷ್ಟು ಸ್ಲೋ?"

"ತುಂಬಾ ಸ್ಲೋ ಮಾವ."

ಎಲ್ಲರೂ ಹೀಗೇ. ಜ್ವರ ಬಂದರೆ ಥರ್ಮಾಮೀಟರ್ ಇಡುವವರು ಕಂಪ್ಯೂಟರಿನ ವಿಷಯದಲ್ಲಿ ಹಣೆ ಮುಟ್ಟಿ ನೋಡಿ ತೀರ್ಮಾನಿಸುತ್ತಾರೆ. ಅಳೆಯುವುದಾದರೂ ಫೈಲು ಕಾಪಿ ಮಾಡಿ ಅಳೆದರೆ ಡಿಸ್ಕು, ಸಾಫ್ಟ್‌ವೇರು, ನೆಟ್‌ವರ್ಕು ಮೂರೂ ಕಲಸಿಹೋಗುತ್ತವೆ, ಯಾರದು ಎಷ್ಟು ಎಂದು ಬಿಡಿಸಲಾಗುವುದಿಲ್ಲ. ಅದಕ್ಕೆಂದೇ ಐಪರ್ಫ್ ಇದೆ. ಈಗಿನ ಐಪರ್ಫ್3 ಅನ್ನು ನೋಡಿಕೊಳ್ಳುವುದು ಅಮೆರಿಕದ ಸಂಶೋಧನಾಲಯಗಳನ್ನು ಬೆಸೆಯುವ ಇಎಸ್‌ನೆಟ್ ಎಂಬ ಜಾಲದವರು. ಅದು ಡಿಸ್ಕನ್ನು ಮುಟ್ಟುವುದೇ ಇಲ್ಲ. ಒಂದು ಕಡೆಯ ಮೆಮೊರಿಯಿಂದ ಅರ್ಥವಿಲ್ಲದ ಅಕ್ಷರಗಳನ್ನು ತೆಗೆದು ಇನ್ನೊಂದು ಕಡೆಗೆ ಸುರಿದು, ಸೆಕೆಂಡಿಗೆ ಎಷ್ಟು ಹೋಯಿತು ಎಂದು ಹೇಳುತ್ತದೆ. ಓಡಿಸಿದೆವು. ಸೆಕೆಂಡಿಗೆ ಮೂರೂಕಾಲು ಗಿಗಾಬಿಟ್ಟಿನ ಆಸುಪಾಸು. ಎಷ್ಟು ಸಲ ಓಡಿಸಿದರೂ ಅಷ್ಟೇ, ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ.

ನನಗೆ ಅಲ್ಲೇ ಅರ್ಧ ಸಮಾಧಾನವಾಯಿತು. ಏರಿಳಿಯುವ ಅಂಕಿ ರೋಗದ ಲಕ್ಷಣ. ಕದಲದ ಅಂಕಿ ಯಾವುದೋ ಗೋಡೆಯ ಲಕ್ಷಣ. ಆದರೆ ಅಳಿಯನಿಗೆ ನನ್ನ ಸಮಾಧಾನ ಕಂಡು ಅಸಮಾಧಾನವಾಯಿತು. ಅವನ ಒಬ್ಬ ಗೆಳೆಯ ಬೆಂಗಳೂರಿನ ಸಾಫ್ಟ್‌ವೇರಿನವನು, ಮನೆಯಿಂದಲೇ ಕೆಲಸವಾದ್ದರಿಂದ ಊರಲ್ಲಿದ್ದ. ಅವನು ಬಂದು, ಪ್ಯಾಕೆಟ್ಟಿನ ಗಾತ್ರ 1500 ಬೈಟು ಸಾಲದು, 9000 ಮಾಡಬೇಕು, ಇದಕ್ಕೆ ಜಂಬೋ ಫ್ರೇಮ್ ಎನ್ನುತ್ತಾರೆ ಎಂದ. ಮಾತು ಸುಳ್ಳಲ್ಲ. ದೊಡ್ಡ ಪ್ಯಾಕೆಟ್ಟಾದರೆ ಎಣಿಕೆ ಕಡಿಮೆ, ಪ್ರೊಸೆಸರಿಗೆ ಹೊರೆ ಕಡಿಮೆ. ಅವನು ಎರಡೂ ಕಂಪ್ಯೂಟರಿನಲ್ಲಿ ಬದಲಾಯಿಸಿ ಮಂಗಳಾರತಿ ಮಾಡಿ ಹೋದ. ನಡುವಿನ ಸ್ವಿಚ್ಚಿಗೆ ಹೇಳಲಿಲ್ಲ.

ಆಮೇಲೆ ನಡೆದದ್ದು ಬಹಳ ಸ್ವಾರಸ್ಯ. ಪಿಂಗ್ ಹೋಗುತ್ತದೆ. ಲಾಗಿನ್ ಆಗುತ್ತದೆ. ಚಿಕ್ಕ ಫೋಲ್ಡರು ತೆರೆದರೆ ತೆರೆಯುತ್ತದೆ. ದೊಡ್ಡ ಫೈಲು ಕಾಪಿಗೆ ಹಾಕಿದರೆ ಸೊನ್ನೆ ಪರ್ಸೆಂಟಿನಲ್ಲಿ ಧ್ಯಾನಕ್ಕೆ ಕೂರುತ್ತದೆ. ಸಣ್ಣ ಮಾತುಗಳೆಲ್ಲ 1500ರ ಒಳಗಿನವು, ದಾಟಿಹೋಗುತ್ತವೆ. ತುಂಬಿದ ಪ್ಯಾಕೆಟ್ಟು ಬಂದ ಕ್ಷಣ ಸ್ವಿಚ್ಚು ಅದನ್ನು ಎತ್ತಿ ಎಸೆಯುತ್ತದೆ, ಎಸೆದೆ ಎಂದು ಕಳಿಸಿದವನಿಗೆ ತಿಳಿಸುವುದಿಲ್ಲ, ತಿಳಿಸುವುದು ಅದರ ಕೆಲಸವೂ ಅಲ್ಲ. ಪರೀಕ್ಷಿಸುವ ಉಪಾಯ ಹಳೆಯದು. ತುಂಡು ಮಾಡಬಾರದೆಂಬ ಷರತ್ತು ಹಾಕಿ 8972 ಬೈಟಿನ ಪಿಂಗ್ ಕಳಿಸುವುದು. 28 ಬೈಟು ತಲೆಬರಹಕ್ಕೆ ಹೋಗುತ್ತದಾದ್ದರಿಂದ ಒಟ್ಟು 9000. ಅದು ಹೋಗಲಿಲ್ಲ. 1500ಕ್ಕೇ ವಾಪಸು ಬಂದೆವು. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹತ್ತು ಜಿ ಕಳಿಸಲು ಈಗಿನ ಕಾರ್ಡುಗಳಿಗೆ ಜಂಬೋ ಬೇಕಾಗುವುದೂ ಇಲ್ಲ.

ಗೆಳೆಯ ಸೋಲೊಪ್ಪುವ ಪೈಕಿಯಲ್ಲ. ಸಂಜೆ ಒಂದು ಪಟ್ಟಿ ಕಳಿಸಿದ. ಕರ್ನಲ್ಲಿನ ಸೆಟ್ಟಿಂಗುಗಳು, ಒಂದು ಪುಟದ ತುಂಬ. ಇಂಥ ಪಟ್ಟಿಗಳು ಅಜ್ಜಿಯ ಕಷಾಯದ ಚೀಟಿಯಂತೆ ಕೈಯಿಂದ ಕೈಗೆ ದಾಟುತ್ತಿರುತ್ತವೆ, ಯಾವ ಕಾಯಿಲೆಗೆಂಬ ಸಾಲು ಮಾತ್ರ ದಾರಿಯಲ್ಲೆಲ್ಲೋ ಹರಿದುಹೋಗಿರುತ್ತದೆ. ಅದರಲ್ಲಿ ಒಂದು ಸೆಟ್ಟಿಂಗು, ಟಿಸಿಪಿ ಟಿಡಬ್ಲ್ಯೂ ರಿಸೈಕಲ್ ಎಂಬುದು, 2017ರಲ್ಲಿ ಬಂದ 4.12ನೆಯ ಕರ್ನಲ್ಲಿನಿಂದಲೇ ತೆಗೆದುಹಾಕಲ್ಪಟ್ಟದ್ದು. ಇಲ್ಲದ ಔಷಧಿಯನ್ನು ಇನ್ನೂ ಬರೆದುಕೊಡುತ್ತಿದ್ದಾರೆ. ಉಳಿದವುಗಳಲ್ಲಿ ಹೆಚ್ಚಿನವು ಬಫರು ದೊಡ್ಡದು ಮಾಡುವಂಥವು. ಅವು ಖಂಡದಿಂದ ಖಂಡಕ್ಕೆ ಡೇಟಾ ಕಳಿಸುವವರಿಗೆ ಬೇಕು. ಜಿನೀವಾದ ಸರ್ನ್‌ನಿಂದ ಅಮೆರಿಕಕ್ಕೆ ಕಳಿಸಿದ್ದು ಮುಟ್ಟಿತೆಂಬ ಉತ್ತರ ಬರಲು ನೂರು ಮಿಲಿಸೆಕೆಂಡಿನ ಹತ್ತಿರ ಹಿಡಿಯುತ್ತದೆ, ಅಷ್ಟು ಹೊತ್ತು ಸಮುದ್ರದಡಿಯಲ್ಲಿ ತೇಲುತ್ತಿರುವ ಡೇಟಾದ ಪ್ರತಿಯನ್ನು ಕಳಿಸಿದವನು ಇಟ್ಟುಕೊಂಡಿರಬೇಕು. ಬಿಜೈಯ ಒಂದು ಕೋಣೆಯಿಂದ ಗೋಡೆಯಾಚೆಗಿನ ಇನ್ನೊಂದು ಕೋಣೆಗೆ ಕಾಲು ಮಿಲಿಸೆಕೆಂಡೂ ಬೇಡ. ಲೆಕ್ಕ ಹಾಕಿದರೆ ಸುಮಾರು 300 ಕಿಲೋಬೈಟಿನ ಬಫರು ಸಾಕು. ಲಿನಕ್ಸ್ ಹೇಳದೆಯೇ ಕೆಲವು ಎಂಬಿಯವರೆಗೆ ಹಿಗ್ಗಿಸಿಕೊಳ್ಳುತ್ತದೆ. ಪಟ್ಟಿಯನ್ನು ನಾನು ಮಡಚಿ ಮೇಜಿನ ಕುಂಟು ಕಾಲಿನ ಕೆಳಗಿಟ್ಟೆ, ಅಲ್ಲಿ ಅದರಿಂದ ಉಪಯೋಗವಾಗುತ್ತಿದೆ.

ಪ್ರೊಸೆಸರಿನ ಮೇಲೆ ಅನುಮಾನ ಪಡುವುದರಲ್ಲಿ ಒಂದು ನ್ಯಾಯವಿದೆ, ಅದನ್ನೂ ಹೇಳಿಬಿಡುತ್ತೇನೆ. ಹತ್ತು ಜಿ ತುಂಬಿ ಹರಿದರೆ ಪೂರ್ಣ ಗಾತ್ರದ ಪ್ಯಾಕೆಟ್ಟುಗಳೇ ಸೆಕೆಂಡಿಗೆ ಎಂಟು ಲಕ್ಷಕ್ಕೂ ಮೇಲೆ ಬರುತ್ತವೆ. ಪ್ರತಿಯೊಂದೂ ಬಂದಾಗ ಪ್ರೊಸೆಸರನ್ನು ತಟ್ಟಿ ಎಬ್ಬಿಸಿದರೆ ಅದು ಎದ್ದೇಳುವುದರಲ್ಲೇ ಸುಸ್ತಾಗುತ್ತದೆ. ಲಿನಕ್ಸಿನವರು 2001ರ ಹೊತ್ತಿಗೇ ಇದಕ್ಕೊಂದು ದಾರಿ ಕಂಡುಕೊಂಡರು, ನ್ಯಾಪಿ ಎಂದು ಕರೆಯುತ್ತಾರೆ. ಮೊದಲ ಪ್ಯಾಕೆಟ್ಟಿಗೆ ಒಮ್ಮೆ ತಟ್ಟುವುದು, ಆಮೇಲೆ ತಟ್ಟುವುದನ್ನು ನಿಲ್ಲಿಸಿ, ಬಂದವನ್ನೆಲ್ಲ ಒಟ್ಟಿಗೆ ಎತ್ತಿಕೊಳ್ಳುವುದು, ಖಾಲಿಯಾದ ಮೇಲೆ ಮತ್ತೆ ತಟ್ಟಲು ಅನುಮತಿ. ಹಾಗಿದ್ದೂ ಕೆಲವೊಮ್ಮೆ ಒಂದೇ ಕೋರು ಬೆವರು ಸುರಿಸುತ್ತ ಉಳಿದ ಹನ್ನೊಂದು ಸುಮ್ಮನಿರುವುದುಂಟು. ಐಪರ್ಫ್3 ಕೂಡ ಬಹಳ ಕಾಲ ಒಂದೇ ಕೋರಿನಲ್ಲಿ ಓಡುತ್ತಿತ್ತು, 2023ರ ಕೊನೆಯಲ್ಲಿ ಬಂದ 3.16ರಿಂದಷ್ಟೇ ಕೆಲಸ ಹಂಚಿಕೊಳ್ಳಲು ಕಲಿತದ್ದು. ನಮ್ಮ ಕಂಪ್ಯೂಟರಿನಲ್ಲಿ ನೋಡಿದರೆ ಯಾವ ಕೋರೂ ಅರ್ಧದಷ್ಟೂ ದುಡಿಯುತ್ತಿರಲಿಲ್ಲ. ಎಲ್ಲವೂ ಕಾಯುತ್ತಿದ್ದವು.

ಯಾವುದಕ್ಕೆ? ಈ ಪ್ರಶ್ನೆಗೆ ಉತ್ತರ ಮೊದಲ ದಿನದಿಂದಲೂ ಬರೆದಿಟ್ಟಿತ್ತು. ಕಂಪ್ಯೂಟರು ಶುರುವಾಗುವಾಗ ಕರ್ನಲ್ಲು ತನ್ನ ದಿನಚರಿ ಬರೆಯುತ್ತದೆ. ಯಾವ ಬಿಡಿಭಾಗ ಸಿಕ್ಕಿತು, ಯಾವುದು ಮಾತು ಕೇಳಲಿಲ್ಲ, ಎಲ್ಲ. ಸಾವಿರಾರು ಸಾಲು, ಓದುವವರಿಲ್ಲ. ಅದರ ನಡುವೆ ನಮ್ಮ ಕಾರ್ಡಿನ ಹೆಸರಿನಲ್ಲಿ ಒಂದು ಸಾಲು. ಸಿಕ್ಕಿರುವುದು 4 ಗಿಗಾಬಿಟ್ಟಿನ ಹಾದಿ, ಒಂದೇ ಲೇನು. ಈ ಕಾರ್ಡಿಗೆ ಎಂಟು ಲೇನುಗಳಲ್ಲಿ 32ರ ತಾಕತ್ತಿದೆ. ಯಾವ ದೂರೂ ಇಲ್ಲದ, ಸಿಟ್ಟೂ ಇಲ್ಲದ ಒಕ್ಕಣೆ. ಅಳಿಯ ಅದನ್ನು ಎರಡು ಸಲ ಓದಿ, "ಇಷ್ಟು ದಿನ ಇದು ಗೊತ್ತಿದ್ದೂ ಸುಮ್ಮನೆ ಕೂತಿತ್ತಾ?" ಎಂದ. ಕಾರ್ಡಿಗಿಂತ ಹೆಚ್ಚಾಗಿ ನನ್ನನ್ನೇ ಕೇಳಿದಂತಿತ್ತು.

ಕಾಸರಗೋಡಿನಿಂದ ದಿನಾ ರೈಲಿನಲ್ಲಿ ಓಡಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆ ಹಾದಿ ಜೋಡಿ ಹಳಿಯಾದ ಮೇಲೂ ನೇತ್ರಾವತಿ ಕ್ಯಾಬಿನ್ನಿನಿಂದ ಮಂಗಳೂರು ಸೆಂಟ್ರಲಿನ ತನಕದ ಚಿಕ್ಕ ತುಂಡು ಬಹಳ ಕಾಲ ಒಂಟಿ ಹಳಿಯಾಗಿಯೇ ಉಳಿದಿತ್ತು. ರೈಲು ಕುಂಬಳೆ, ಮಂಜೇಶ್ವರ, ಉಳ್ಳಾಲ ಎಲ್ಲ ದಾಟಿ ಓಡೋಡಿ ಬಂದು ಹೊಳೆಯ ಆಸುಪಾಸಿನಲ್ಲಿ ನಿಂತುಬಿಡುತ್ತಿತ್ತು. ಎಂಜಿನ್ ಸರಿಯಿದೆ, ಹಳಿ ಸರಿಯಿದೆ, ಡ್ರೈವರು ಎಚ್ಚರವಿದ್ದಾನೆ, ಆದರೂ ಕಾಲೇಜಿನ ಮೊದಲ ಪೀರಿಯಡ್ಡು ಹೋಯಿತು. ಈಥ್‌ಟೂಲ್ ನಮಗೆ ಹತ್ತು ಜಿ ಎಂದು ಹೇಳಿದ್ದೂ ಸುಳ್ಳಾಗಿರಲಿಲ್ಲ. ಅದು ಹೇಳಿದ್ದು ಕಾರ್ಡಿನಿಂದ ಸ್ವಿಚ್ಚಿಗಿನ ಹಾದಿಯ ಮಾತು. ಕಾರ್ಡಿನಿಂದ ಪ್ರೊಸೆಸರಿಗೆ, ಮದರ್‌ಬೋರ್ಡಿನ ಮೇಲಿನ ನಾಲ್ಕು ಬೆರಳಿನ ದೂರದ ಮಾತು ಅದರ ವ್ಯಾಪ್ತಿಗೆ ಬರುವುದಿಲ್ಲ.

ಕ್ಯಾಬಿನೆಟ್ಟು ಬಿಚ್ಚಿದೆವು. ಮಳೆಗಾಲದಲ್ಲಿ ಬಿಚ್ಚದ ಮಂಗಳೂರಿನ ಕ್ಯಾಬಿನೆಟ್ಟಿನೊಳಗೆ ಒಂದು ಪ್ರತ್ಯೇಕ ಜಗತ್ತಿರುತ್ತದೆ. ಪವರ್ ಸಪ್ಲೈಯ ಬೆಚ್ಚನೆಯ ಮೂಲೆಯಲ್ಲಿ ಹಲ್ಲಿಯ ಮೊಟ್ಟೆ ಎರಡು, ಬಟಾಣಿಗಿಂತ ಸ್ವಲ್ಪ ಚಿಕ್ಕವು, ಬೆಳ್ಳಗೆ ಅಂಟಿಕೊಂಡಿದ್ದವು. ಗ್ರಾಫಿಕ್ಸ್ ಕಾರ್ಡು ಮೇಲಿನ ಉದ್ದದ ಸ್ಲಾಟಿನಲ್ಲಿ ಕೂತು ತನ್ನ ಹೊಟ್ಟೆಯಿಂದ ಎರಡನೆಯದನ್ನು ಮುಕ್ಕಾಲು ಮುಚ್ಚಿತ್ತು. ಆದ್ದರಿಂದ ನಮ್ಮ ಕಾರ್ಡಿಗೆ ಸಿಕ್ಕಿದ್ದು ತೀರಾ ಕೆಳಗಿನ ಸ್ಲಾಟು. ನೋಡಲು ಅದೂ ಮೇಲಿನದರಷ್ಟೇ ಉದ್ದ, ಹದಿನಾರು ಲೇನಿನದರಂತೆಯೇ. ಟಾರ್ಚು ಬಿಟ್ಟು ಬಗ್ಗಿ ನೋಡಿದರೆ ಒಳಗೆ ಲೋಹದ ಹಲ್ಲುಗಳಿರುವುದು ಮುಂದಿನ ತುದಿಯಲ್ಲಷ್ಟೇ, ಉಳಿದ ಉದ್ದಕ್ಕೆ ಬರೀ ಪ್ಲಾಸ್ಟಿಕ್ಕು. ಬೋರ್ಡಿನ ಜೊತೆ ಬಂದ ಪುಸ್ತಕದಲ್ಲಿ ಇದನ್ನು ಬರೆದಿರುತ್ತಾರೆ, ಇರುವೆ ಓದುವ ಅಕ್ಷರದಲ್ಲಿ. ಒಂದು ಲೇನಿನ ವೇಗ 5 ಗಿಗಾ, ಅದರಲ್ಲಿ ಐದನೇ ಒಂದು ಪಾಲು ಸಂಕೇತ ಕಟ್ಟುವುದಕ್ಕೆ ಹೋಗಿ ಉಳಿದದ್ದು 4, ಆಮೇಲೆ ಪ್ರತಿ ಕಂತಿನ ಮೇಲಿನ ವಿಳಾಸ-ಗಿಳಾಸ ಕಳೆದು ಕೈಗೆ ಬಂದದ್ದು ಮೂರೂಕಾಲು. ನಮ್ಮ ಕದಲದ ಅಂಕಿಯ ಗೋಡೆ ಇದೇ.

ಗ್ರಾಫಿಕ್ಸ್ ಕಾರ್ಡನ್ನು ಒಂದು ರೈಸರ್ ಹುರಿಯ ತುದಿಗೆ ಕಟ್ಟಿ ಪಕ್ಕಕ್ಕೆ ನಿಲ್ಲಿಸಿ, ನೆಟ್‌ವರ್ಕ್ ಕಾರ್ಡನ್ನು ನಡುವಿನ ಸ್ಲಾಟಿಗೆ ಏರಿಸಿದೆವು. ಅಲ್ಲಿ ನಾಲ್ಕು ಲೇನು. ಎಂಟಿಲ್ಲದಿದ್ದರೂ ಒಂದು ಪೋರ್ಟಿನ ಹತ್ತು ಜಿಗೆ ಧಾರಾಳ. ಸರ್ವರಿಗೆಂದು ಹುಟ್ಟಿದ ಈ ಕಾರ್ಡುಗಳಿಗೆ ಸ್ವಂತ ಫ್ಯಾನಿಲ್ಲ, ಸರ್ವರಿನ ಬಿರುಗಾಳಿಯನ್ನು ನಂಬಿದವು. ಬಿಜೈಯ ಏಪ್ರಿಲಿನಲ್ಲಿ ಬೆಂದುಹೋಗದಿರಲೆಂದು ಕೇಬಲ್ ಟೈಯಿಂದ ಒಂದು ಚಿಕ್ಕ ಫ್ಯಾನು ಕಟ್ಟಿದೆವು. ಹಲ್ಲಿಯ ಮೊಟ್ಟೆಗಳನ್ನು ಅಳಿಯ ಅಲ್ಲೇ ಬಿಡೋಣ ಎಂದ. ಬಿಟ್ಟೆವು.

ಐಪರ್ಫ್ 9.41 ಎಂದಿತು.

"ಹತ್ತು ಇಲ್ವಾ?" ಎಂದು ಕೇಳಿದವನು ಗೆಳೆಯ. ಅವನೂ ಬಂದಿದ್ದ, ವಿಡಿಯೋ ಕಾಲಿನಲ್ಲಿ. ಈ 9.41 ನನಗೆ ಬಹಳ ಪ್ರಿಯವಾದ ಅಂಕಿ, ಅದನ್ನು ಕಂಡರೆ ಎಲ್ಲ ಸರಿಯಿದೆ ಎಂದರ್ಥ. 1500 ಬೈಟಿನ ಪ್ಯಾಕೆಟ್ಟು ತಂತಿಗಿಳಿಯುವಾಗ ಹಿಂದೆ ಮುಂದೆ ಸೇರಿ 1538 ಬೈಟಿನ ಜಾಗ ಹಿಡಿಯುತ್ತದೆ, ಎರಡು ಪ್ಯಾಕೆಟ್ಟುಗಳ ನಡುವೆ ಬಿಡಬೇಕಾದ ಖಾಲಿ ಜಾಗವೂ ಅದರಲ್ಲೇ. ವಿಳಾಸ, ಕ್ರಮಸಂಖ್ಯೆ, ಸಮಯದ ಮುದ್ರೆ ಕಳೆದರೆ ಅದರೊಳಗಿನ ನಿಜವಾದ ಸರಕು 1448. ಭಾಗಿಸಿ ನೋಡಿದರೆ ನೂರಕ್ಕೆ ತೊಂಬತ್ತನಾಲ್ಕು ಚಿಲ್ಲರೆ. ಅದಕ್ಕಿಂತ ಹೆಚ್ಚು ತೋರಿಸಿದರೆ ಅನುಮಾನ ಪಡಬೇಕು. ಇದನ್ನು ಗೆಳೆಯನಿಗೆ ವಿವರಿಸುವಷ್ಟರಲ್ಲಿ ಅವನ ಮೀಟಿಂಗು ಶುರುವಾಯಿತು.

ನಿಜವಾದ ಫೈಲುಗಳ ಸರದಿ ಬಂತು. ಅಳಿಯ ಸರ್ವರಿನಲ್ಲಿ 'ಪುತ್ತೂರು ಮದುವೆ' ಎಂದು ಕನ್ನಡದಲ್ಲೇ ಫೋಲ್ಡರು ಮಾಡಿದ. ಲಿನಕ್ಸಿನೊಳಗೇ ಇರುವ ಕಗಪ ಕೀಲಿಮಣೆಯಲ್ಲಿ ಅವನ ಬೆರಳು ಓಡುವುದನ್ನು ನೋಡಲು ನನಗೆ ಖುಷಿ. ಆ ವಿನ್ಯಾಸದ ಮೂಲಪುರುಷ ಕೆ.ಪಿ. ರಾವ್ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು ಎಂಬುದನ್ನು ನಾನು ಪ್ರತಿ ಸಲವೂ ಹೇಳುತ್ತೇನೆ, ಅವನು ಪ್ರತಿ ಸಲವೂ "ಹೌದಾ ಮಾವ" ಎನ್ನುತ್ತಾನೆ. ಕಾಪಿ ಮೊದಲ ಕೆಲವು ಸೆಕೆಂಡು ಒಂದು ಜಿಬಿಯ ವೇಗದಲ್ಲಿ ಹಾರಿತು, ಆಮೇಲೆ ದೊಪ್ಪನೆ 180 ಎಂಬಿಗೆ ಬಿತ್ತು. ಇದಂತೂ ಕಾರ್ಡಿನ ಗೊಡವೆಯೇ ಅಲ್ಲ. ಬಂದ ಡೇಟಾವನ್ನು ಲಿನಕ್ಸ್ ಮೊದಲು ಮೆಮೊರಿಯಲ್ಲಿ ತುಂಬಿಕೊಂಡು "ಬರಲಿ, ಬರಲಿ" ಎನ್ನುತ್ತದೆ. ಮೆಮೊರಿಯ ಒಂದಂಶ ತುಂಬಿದ ಮೇಲೆ ನಿಜಸ್ಥಿತಿ ಹೊರಬೀಳುತ್ತದೆ. ತಿರುಗುವ ಹಾರ್ಡ್‌ಡಿಸ್ಕು ಒಂಟಿಯಾಗಿ, ಅದರಲ್ಲೂ ಅಲ್ಲಿದ್ದಂಥ ಹಳೆಯದು, ಅಷ್ಟಕ್ಕಿಂತ ಹೆಚ್ಚು ಬರೆಯಲಾರದು. ಹೊಸ ಕೆಲಸಕ್ಕೆ ಒಂದು ಎನ್‌ವಿಎಂಇ, ಮುಗಿದದ್ದನ್ನು ಇಡಲು ಹಳೆಯ ಡಿಸ್ಕು ಎಂದು ವಿಂಗಡಿಸಿದ ಮೇಲೆ ಆ ತಕರಾರು ತೀರಿತು. ಈಗ ಪುತ್ತೂರಿನ ಇಡೀ ಮದುವೆ, ಧಾರೆಯಿಂದ ಹಿಡಿದು ಐಸ್‌ಕ್ರೀಮಿನ ಸಾಲಿನ ತನಕ, ಒಂದು ಚಾ ಕುಡಿಯುವಷ್ಟರಲ್ಲಿ ಗೋಡೆ ದಾಟುತ್ತದೆ. ಕೆಳಗಿನ ಹೋಟೆಲಿನವರಿಗೆ ಮಾತ್ರ ನಷ್ಟ. ಮೊದಲು ಕಾಪಿ ಮುಗಿಯುವ ತನಕ ಸ್ಟುಡಿಯೋದ ಹುಡುಗರೆಲ್ಲ ಅಲ್ಲಿಯೇ ಇರುತ್ತಿದ್ದರು.

ಮೊನ್ನೆ ರಾತ್ರಿ ಅಳಿಯ ಫೋನು ಮಾಡಿದ. ಕಂಬಳದಿಂದ ಬಂದು ಕ್ಯಾಮೆರಾದ ಮೆಮೊರಿ ಕಾರ್ಡುಗಳನ್ನು ಇಳಿಸುತ್ತಿದ್ದನಂತೆ.

"ಮಾವ, ನಲ್ವತ್ತು ಎಂಬಿ ಬರ್ತಾ ಇತ್ತು. ಲಾಗ್ ನೋಡಿದೆ. ಕಾರ್ಡ್ ರೀಡರ್ ಹಳೇ ಯುಎಸ್‌ಬಿ 2ರ ಪೋರ್ಟಲ್ಲಿ ಕೂತಿದೆ, 480 ಮೆಗಾಬಿಟ್. ಹಿಂದಿನ ನೀಲಿ ಪೋರ್ಟಿಗೆ ಹಾಕಿದೆ. ಈಗ ತೊಂಬತ್ತು."

"ಮತ್ತೆ?"

"ತೊಂಬತ್ತಕ್ಕಿಂತ ಮೇಲೆ ಹೋಗುದಿಲ್ಲ."

"ಆ ಜಾತಿಯ ಮೆಮೊರಿ ಕಾರ್ಡು ಕೊಡುವುದೇ ಅಷ್ಟು. ನೂರನಾಲ್ಕು ಅದರ ಮಿತಿ."

"ಹಾಗಾದ್ರೆ ಕ್ಯಾಮೆರಾ ಕಾರ್ಡುಗಳನ್ನೂ ಬದಲಿಸ್ಬೇಕಾ?"

ಪುತ್ತೂರಿನ ಮದುವೆಯ ಆಲ್ಬಮ್ ಏನಾಯಿತು ಎಂದು ಕೇಳಿದೆ. ಮೂರು ಸಾವಿರ ಫೋಟೋ ಕಳಿಸಿ ನೂರಿಪ್ಪತ್ತು ಆರಿಸಿಕೊಡಿ ಎಂದು ಹೇಳಿ ಎಷ್ಟೋ ಕಾಲವಾಗಿತ್ತು. ಮದುಮಗಳ ಕಡೆಯವರು ಆರಿಸಿಯಾಗಿದೆಯಂತೆ, ಮದುಮಗನ ಕಡೆಯವರು ಅದನ್ನು ಒಪ್ಪಿಲ್ಲವಂತೆ, ದುಬೈಯಲ್ಲಿರುವ ಚಿಕ್ಕಮ್ಮ ಬಂದ ಮೇಲೆ ಎಲ್ಲರೂ ಒಟ್ಟಿಗೆ ಕೂತು ನೋಡುತ್ತಾರಂತೆ.

"ಚಿಕ್ಕಮ್ಮ ಯಾವಾಗ ಬರ್ತಾರೆ?"

"ರಜೆ ಸಿಕ್ಕಿದ್ರೆ ಮೇಯಲ್ಲಿ."

ಹಾಗಿದ್ದರೆ ಸದ್ಯಕ್ಕೆ ತೊಂಬತ್ತೇ ಸಾಕು, ಮಲಗು ಎಂದೆ.